ಹಾಸಿಗೆ ಹಿಡಿದ ಮೇಲೆ ಎಲ್ಲಿಗೆ?

ಜುಲೈ ತಿಂಗಳ ನಾಲ್ಕನೆಯ ಆದಿತ್ಯವಾರವನ್ನು ಧರ್ಮಸಭೆಯು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವೆಂದು ಆಚರಿಸುತ್ತದೆ. ದಿವಂಗತ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು 2021ರಲ್ಲಿ ಈ ದಿನವನ್ನು ಸ್ಥಾಪಿಸಿದಾಗ, ಜುಲೈ 26ರಂದು ಬರುವ ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ, ಎಂದರೆ ಯೇಸುಸ್ವಾಮಿಯ ಅಜ್ಜ-ಅಜ್ಜಿಯರ, ಹಬ್ಬದ ಸಮೀಪಕ್ಕೇ ಅದನ್ನು ಇರಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಆ ದಿನ ಹಿರಿಯರಿಗೆ ಮುಂದಿನ ಸಾಲಿನ ಬೆಂಚು, ಕೈಗೊಂದು ಗುಲಾಬಿ ಹೂ, ಬಲಿಪೂಜೆಯ ಬಳಿಕ ಚಹಾ, ಒಂದು ಸಮೂಹ ಛಾಯಾಚಿತ್ರ. ಇದನ್ನು ನಾವು ಹಳಿಯುವುದಿಲ್ಲ. ನಾವೂ ಹೂ ಹಂಚಿದವರೇ. ಆದರೆ ಹೂ ಪಡೆಯಲು ಬೆಂಚಿನವರೆಗೆ ನಡೆದು ಬರಲಾಗದವರ ವಿಚಾರವಾಗಿ ಈ ವಾರ ನಾಲ್ಕು ಮಾತು ಬರೆಯಬೇಕೆನಿಸಿದೆ.

ಎರಡು ವರ್ಷಗಳ ಹಿಂದೆ, ಇಂಥದೇ ಒಂದು ಮಳೆಗಾಲದ ಮಧ್ಯಾಹ್ನ, ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದರು. ಮುಂಬಯಿಯಲ್ಲಿ ನೌಕರಿ, ಊರಿನ ಮನೆಗೆ ಬೀಗ. ಎಂಬತ್ತೆರಡು ವರ್ಷದ ತಾಯಿ ಐದು ವರ್ಷಗಳಿಂದ ಒಂದು ವೃದ್ಧಾಶ್ರಮದಲ್ಲಿದ್ದರು. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತಾದರೂ ಎದ್ದು ನಡೆಯುವ ಶಕ್ತಿ ಮರಳಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ವ್ಯವಸ್ಥೆ ತಮ್ಮಲ್ಲಿಲ್ಲ, ಹದಿನೈದು ದಿನದೊಳಗೆ ಕರೆದುಕೊಂಡು ಹೋಗಬೇಕು ಎಂದು ಆಶ್ರಮದವರು ತಿಳಿಸಿದ್ದರು. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಆ ಷರತ್ತು ಇತ್ತಂತೆ. ಅಂದು ತಾಯಿ ತಾವೇ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರಿಂದ ಯಾರೂ ಅದನ್ನು ಓದಿರಲಿಲ್ಲ. "ಫಾದರ್, ಅಮ್ಮನನ್ನು ನಾನು ಎಲ್ಲಿಗೆ ಕರೆದುಕೊಂಡು ಹೋಗಲಿ?" ಎಂದು ಅವರು ಕೇಳಿದರು. ಅವರದ್ದು ಒಂದು ಕೋಣೆಯ ಮನೆ. ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಏಳರ ರೈಲು ಹಿಡಿಯುವವರು.

ನಾವು ಅಂದು ಸಂಜೆಯವರೆಗೆ ದೂರವಾಣಿಯ ಮುಂದೆ ಕುಳಿತೆವು. ಹಲವು ಕಡೆ ಮಾತಾಡಿದೆವು. ಎಲ್ಲೆಡೆಯೂ ಮೊದಲ ಪ್ರಶ್ನೆ ಒಂದೇ: ನಡೆಯುತ್ತಾರೆಯೇ? ಎರಡನೆಯದು: ಶೌಚಕ್ಕೆ ತಾವಾಗಿಯೇ ಹೋಗುತ್ತಾರೆಯೇ? ಹೆಸರು, ವಯಸ್ಸು, ಧರ್ಮಕೇಂದ್ರ ಇವೆಲ್ಲ ಆಮೇಲೆ. ಹೀಗೆ ಕೇಳಿದವರನ್ನು ನಾವು ದೂಷಿಸುವುದಿಲ್ಲ. ರಾತ್ರಿ ಪಾಳಿಗೆ ನಲವತ್ತು ಮಂದಿಗೆ ಒಬ್ಬಳೇ ಸಹಾಯಕಿ ಇರುವಲ್ಲಿ ಹಾಸಿಗೆ ಹಿಡಿದ ನಾಲ್ವರನ್ನು ಸೇರಿಸಿಕೊಂಡರೆ ಉಳಿದವರ ಗತಿ ಏನು? ಆದರೂ ಆ ಸಂಜೆ ನಮಗೆ ಒಂದು ಸಂಗತಿ ಹೊಳೆಯಿತು. ನಮ್ಮ ಕರಾವಳಿಯಲ್ಲಿ ನಾವು ವೃದ್ಧಾಶ್ರಮವೆಂದು ಕರೆಯುವ ಅನೇಕ ಮನೆಗಳು ವಾಸ್ತವದಲ್ಲಿ ಗಟ್ಟಿಯಾಗಿರುವ ವೃದ್ಧರ ವಸತಿಗೃಹಗಳು. ಆಶ್ರಯದ ಅಗತ್ಯ ನಿಜವಾಗಿ ಆರಂಭವಾಗುವ ಗಳಿಗೆಗೇ ಅಲ್ಲಿಯ ಬಾಗಿಲು ಮುಚ್ಚುತ್ತದೆ.

ಕೊನೆಗೆ ಒಂದು ಮನೆಯವರು ಒಪ್ಪಿದರು. ಕೆಲವು ಧರ್ಮಕೇಂದ್ರಗಳ ಗೃಹಸ್ಥರು ಸೇರಿ, ದಾನವಾಗಿ ಬಂದ ಒಂದು ಹಳೆಯ ಹಂಚಿನ ಬಂಗಲೆಯಲ್ಲಿ ನಡೆಸುತ್ತಿರುವ ಶುಶ್ರೂಷಾಲಯ ಅದು. ಮೂವರು ಧರ್ಮಭಗಿನಿಯರು, ಒಂಬತ್ತು ಮಂದಿ ಸಂಬಳದ ಸಹಾಯಕರು, ವಾರಕ್ಕೆರಡು ಸಲ ಬಂದುಹೋಗುವ ಒಬ್ಬ ವೈದ್ಯರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಐವತ್ತು ಅರ್ಜಿಗಳು ಹೋಗುತ್ತವೆ. ಅಲ್ಲಿರುವುದು ಇಪ್ಪತ್ತೆರಡು ಹಾಸಿಗೆ.

ಮುಂಜಾನೆ ನಾಲ್ಕೂವರೆಗೆ ಆ ಮನೆಯಲ್ಲಿ ದೀಪ ಹೊತ್ತುತ್ತದೆ. ಪ್ರಾರ್ಥನೆಗಲ್ಲ, ಒದ್ದೆಯಾದ ಬಟ್ಟೆ ಬದಲಿಸುವುದಕ್ಕೆ. ಒಬ್ಬರನ್ನು ಮಗ್ಗುಲಿಗೆ ಮಗುಚಿ, ಬೆನ್ನು ಒರೆಸಿ, ಒಣಬಟ್ಟೆ ಹಾಸಿ, ಮತ್ತೆ ನೆಟ್ಟಗೆ ಮಲಗಿಸಲು ಇಬ್ಬರು ಬೇಕು. ತಾವಾಗಿ ಹೊರಳಲಾಗದವರನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಬೆನ್ನಿನ ಕೆಳಭಾಗದಲ್ಲಿ, ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಒಮ್ಮೆ ಆದ ಹುಣ್ಣು ಮಾಯಲು ತಿಂಗಳುಗಳು ಬೇಕು, ಕೆಲವೊಮ್ಮೆ ಮಾಯುವುದೇ ಇಲ್ಲ. ಆದ್ದರಿಂದ ಪ್ರತಿ ಮಂಚದ ಕಾಲಬುಡದಲ್ಲಿ ದಾರ ಕಟ್ಟಿದ ಒಂದು ನೋಟುಪುಸ್ತಕ ನೇತಾಡುತ್ತದೆ: ಹತ್ತು ಗಂಟೆ ಎಡ, ಹನ್ನೆರಡು ಗಂಟೆ ಬಲ, ಎರಡು ಗಂಟೆ ಬೆನ್ನು, ಎದುರಿಗೆ ಮಾಡಿದವರ ಸಹಿ. ನಾವು ಬಹಳಷ್ಟು ಆಧ್ಯಾತ್ಮಿಕ ದಿನಚರಿಗಳನ್ನು ಓದಿದ್ದೇವೆ. ಈ ನೋಟುಪುಸ್ತಕದಷ್ಟು ಪ್ರಾಮಾಣಿಕವಾದುದನ್ನು ಕಂಡದ್ದು ಕಡಿಮೆ.

ಆಮೇಲೆ ಗಂಜಿ. ನುಂಗುವ ಶಕ್ತಿ ಕುಂದಿದವರಿಗೆ ಅರೆದು ತೆಳ್ಳಗೆ ಮಾಡಿ, ತಲೆ ಎತ್ತಿ ಹಿಡಿದು, ಚಮಚ ಚಮಚವಾಗಿ. ಒಂದು ಬಟ್ಟಲು ಗಂಜಿಗೆ ಅರ್ಧ ಗಂಟೆ ಹಿಡಿಯುವುದುಂಟು. ಅವಸರ ಮಾಡಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ ಜ್ವರ ಬರುತ್ತದೆ. ಕೈ ಆಡುವವರು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಹತ್ತು ಗಂಟೆಗೆ ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುವ ಕೂಟ ನೆರೆಯುತ್ತದೆ. ಅವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ. ಈಗ ಮಕ್ಕಳ ಹೆಸರು ಅವರಿಗೆ ನೆನಪಿಲ್ಲ, ಊಟ ಮಾಡಿದ್ದು ನೆನಪಿಲ್ಲ, ಆದರೆ ಕೈಗೆ ಬೆಳ್ಳುಳ್ಳಿ ಕೊಟ್ಟರೆ ಒಂದು ಎಸಳೂ ಗಾಯವಾಗದಂತೆ ಸುಲಿದು ಕೊಡುತ್ತಾರೆ. ಇನ್ನೊಬ್ಬರು ಹಿಂದೂ ಅಜ್ಜಿ. ಸಂಜೆ ಜಪಸರದ ಹೊತ್ತಿಗೆ ಅವರೂ ಬಂದು ಕೂರುತ್ತಾರೆ, ತಮ್ಮ ದೇವರ ಹೆಸರನ್ನು ತಾವು ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಶುಕ್ರವಾರ ಮಾತ್ರ ಕೆಲವರು ಜಪಸರಕ್ಕೆ ಬರಲೊಲ್ಲರು. ಕುವೈತ್‌ನಲ್ಲಿ ಶುಕ್ರವಾರ ರಜೆ. ಮಗನ ಕರೆ ಯಾವಾಗ ಬಂದೀತೋ ಎಂದು ದೂರವಾಣಿಯ ಬಳಿಯ ಕುರ್ಚಿಯನ್ನು ಬಿಟ್ಟು ಏಳುವುದಿಲ್ಲ.

ಮಳೆಗಾಲ ಬಂತೆಂದರೆ ಆ ಮನೆಗೆ ದೊಡ್ಡ ಸಂಕಟ ಬಟ್ಟೆಯದ್ದು. ದಿನಕ್ಕೆ ಮೂವತ್ತು ನಲವತ್ತು ಹಾಸುಬಟ್ಟೆಗಳು, ಹೊರಗೆ ಬಿಸಿಲಿಲ್ಲ. ಅಡಿಗೆಮನೆಯ ಕಟ್ಟಿಗೆ ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಒಣಗಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಹೊದಿಕೆಗಳಿಗೆಲ್ಲ ಹೊಗೆಯ ವಾಸನೆ.

ಅಲ್ಲಿಯ ಮೇಲ್ವಿಚಾರಕಿ ಸಿಸ್ಟರ್ ಒಮ್ಮೆ ಹೇಳಿದ ಮಾತು ನಮ್ಮನ್ನು ಕಾಡಿದೆ. ಕಟ್ಟಡ ಕಟ್ಟಿಕೊಡಲು ಜನ ಸಿಗುತ್ತಾರೆ, ಮಂಚ ಕೊಡಲು ಸಿಗುತ್ತಾರೆ, ಸಂಬಳ ಕೊಡಲು ಸಿಗುವುದಿಲ್ಲ ಎಂದರು ಅವರು. ಕಟ್ಟಡಕ್ಕೆ ಹೆಸರು ಕೆತ್ತಬಹುದು, ಮಂಚದ ತಲೆಗಡೆಯಲ್ಲಿ ಹೆಸರು ಬರೆಯಬಹುದು. ನಡುರಾತ್ರಿ ಎರಡು ಗಂಟೆಗೆ ಒಬ್ಬ ಮುದುಕರನ್ನು ಎಡಕ್ಕೆ ಹೊರಳಿಸಿದ ಕೈಯ ಮೇಲೆ ಯಾರ ಹೆಸರನ್ನು ಬರೆಯುವುದು? ಆ ಕೈಗಳು ಬಹುತೇಕ ಬಡ ಹೆಣ್ಣುಮಕ್ಕಳವು. ಎರಡು ವರ್ಷ ಕೆಲಸ ಕಲಿಯುತ್ತಾರೆ, ಮೂರನೆಯ ವರ್ಷ ಹೊರಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ನಮ್ಮ ಮಂಗಳೂರು, ಉಡುಪಿ ಸೀಮೆಯ ಎಷ್ಟೋ ಮಂದಿ ಗಂಡಸರೂ ಹೆಂಗಸರೂ ಇಂದು ಇಸ್ರೇಲ್ ದೇಶದಲ್ಲಿ ಇದೇ ವೃತ್ತಿಯಲ್ಲಿದ್ದಾರೆ: ಅಲ್ಲಿಯ ವೃದ್ಧರಿಗೆ ಉಣಿಸುವುದು, ಸ್ನಾನ ಮಾಡಿಸುವುದು, ಗಾಲಿಕುರ್ಚಿ ತಳ್ಳುವುದು. ಯುದ್ಧದ ಸೈರನ್ನುಗಳ ನಡುವೆಯೂ ಆ ಕೆಲಸವನ್ನು ಬಿಡದೆ ನಿಂತವರು ಅವರಲ್ಲಿದ್ದಾರೆ. ಅವರ ಬಗ್ಗೆ ನಮಗೆ ಹೆಮ್ಮೆ ಇದೆ. ಆದರೆ ಆಲೋಚಿಸಿ ನೋಡಿ: ವೃದ್ಧರ ಶುಶ್ರೂಷೆ ಕಲಿಕೆ ಬೇಡುವ ಕೆಲಸ, ಅದಕ್ಕೆ ತಕ್ಕ ವೇತನ ಸಲ್ಲಬೇಕು ಎಂದು ಆ ದೇಶ ಒಪ್ಪಿಕೊಂಡಿದೆ, ನಾವು ಅದನ್ನು ಇನ್ನೂ ಪುಣ್ಯದ ಕೆಲಸ ಎನ್ನುತ್ತೇವೆ, ಪುಣ್ಯವನ್ನೇ ಸಂಬಳದ ಭಾಗವಾಗಿ ಲೆಕ್ಕ ಹಿಡಿಯುತ್ತೇವೆ. ಹೀಗಾಗಿ ಇಲ್ಲಿಂದ ಹೋದ ಮಗಳು ಪರರ ತಾಯಿಗೆ ಉಣಿಸುತ್ತಾಳೆ, ಅವಳು ಕಳುಹಿಸಿದ ಹಣವಿದ್ದರೂ ಅವಳ ತಾಯಿಗೆ ಉಣಿಸಲು ಇಲ್ಲಿ ಕೈ ಸಿಗುವುದಿಲ್ಲ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವ ದಿನಗಳಲ್ಲಿ ಸಂತ ಥಾಮಸ್ ಅಕ್ವಿನಾಸರು ಪಿತೃಭಕ್ತಿಯನ್ನು ಕುರಿತು ಬರೆದ ಭಾಗವನ್ನು ನಾವು ಪರೀಕ್ಷೆಗಾಗಿ ಓದಿದ್ದೆವು. ಅಂಕ ಬಂದ ಮೇಲೆ ಮರೆತಿದ್ದೆವು. ಮುಂಬಯಿಯ ಆ ಗೃಹಸ್ಥರು ಬಂದುಹೋದ ಮೇಲೆ ಮತ್ತೆ ತೆಗೆದು ನೋಡಿದೆವು. ತಂದೆತಾಯಿಗಳಿಗೆ ಸಲ್ಲಬೇಕಾದ ಋಣದಲ್ಲಿ ಎರಡು ಬಗೆ ಎಂದು ಅವರು ವಿಂಗಡಿಸುತ್ತಾರೆ. ಹೆತ್ತವರು ಎಂಬ ಕಾರಣಕ್ಕೇ, ಸ್ವಭಾವತಃ ಸಲ್ಲಬೇಕಾದದ್ದು ಗೌರವ ಮತ್ತು ಸೇವೆ. ಸಂದರ್ಭವಶಾತ್ ಸಲ್ಲಬೇಕಾದದ್ದು ಬೇರೆ: ಅವರು ಕಾಯಿಲೆ ಬಿದ್ದರೆ ಹೋಗಿ ನೋಡಿ ಚಿಕಿತ್ಸೆಗೆ ಗಮನ ಕೊಡುವುದು, ಬಡವರಾಗಿದ್ದರೆ ಪೋಷಿಸುವುದು. ಹಣ ಈ ಎರಡನೆಯ ಪಟ್ಟಿಗೆ ಸೇರಿದ್ದು. ನಾವಾದರೋ ಲೆಕ್ಕವನ್ನು ತಲೆಕೆಳಗು ಮಾಡಿದ್ದೇವೆ. ಪ್ರತಿ ತಿಂಗಳು ಐದನೆಯ ತಾರೀಕಿನೊಳಗೆ ಆಶ್ರಮದ ಖಾತೆಗೆ ಹಣ ಜಮಾ ಆದರೆ ಋಣ ಸಂದಾಯವಾಯಿತು, ಭೇಟಿ ಎಂಬುದು ಅನುಕೂಲವಿದ್ದಾಗ ಮಾಡುವ ಹೆಚ್ಚುವರಿ ಸೌಜನ್ಯ. ಹೆತ್ತವರ ಋಣಕ್ಕೆ ಸರಿಸಮನಾದ ಮರುಪಾವತಿಯೇ ಇಲ್ಲ ಎಂಬುದು ಅರಿಸ್ಟಾಟಲನ ಅಭಿಪ್ರಾಯವೂ ಹೌದು, ನಮ್ಮ ನಾಡಿನ ಅನಕ್ಷರಸ್ಥ ಅಜ್ಜಿಯರ ಅಭಿಪ್ರಾಯವೂ ಹೌದು. ತೀರದ ಋಣಕ್ಕೆ ರಶೀದಿ ಹೇಗೆ ಸಾಧ್ಯ?

ಹಾಗೆಂದು, ಹೆತ್ತವರನ್ನು ಶುಶ್ರೂಷಾಲಯಕ್ಕೆ ಸೇರಿಸಿದವರೆಲ್ಲ ಕೃತಘ್ನರು ಎಂದು ಪ್ರವಚನಪೀಠದಿಂದ ಗುಡುಗುವುದು ನಮಗೆ ಒಪ್ಪಿಗೆಯಿಲ್ಲ. ಅಂಥ ಪ್ರಬೋಧನೆಗಳನ್ನು ನಾವು ಕೇಳಿದ್ದೇವೆ. ಎಳೆಯ ವಯಸ್ಸಿನಲ್ಲಿ ಒಂದೆರಡನ್ನು ನೀಡಿಯೂ ಇದ್ದೇವೆ. ಆಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರಲ್ಲಿ ಬುದ್ಧಿ ಮಸುಕಾದ ತಂದೆಯನ್ನು ಆರು ವರ್ಷ ಒಬ್ಬಂಟಿಯಾಗಿ ನೋಡಿಕೊಂಡು ತನ್ನ ಆರೋಗ್ಯವನ್ನೇ ಕಳೆದುಕೊಂಡ ಮಗಳೂ ಇದ್ದಿರಬಹುದು. ಶಿಲುಬೆಯ ಮೇಲಿದ್ದ ಪ್ರಭು ಯೇಸು ತಮ್ಮ ತಾಯಿಯನ್ನು ಮುಂದೆ ತಾವು ನೋಡಿಕೊಳ್ಳಲಾಗದೆಂದು ಬಲ್ಲವರಾಗಿ ಅವರನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ಒಪ್ಪಿಸುವುದು ಪಾಪವಲ್ಲ. ಅವರು ಒಪ್ಪಿಸಿದ್ದು ಒಂದು ವ್ಯವಸ್ಥೆಗಲ್ಲ, ಮುಖ ಗುರುತಿರುವ ಒಬ್ಬ ಮನುಷ್ಯನಿಗೆ. ಆ ಶಿಷ್ಯ ತಾಯಿಯನ್ನು ತನ್ನ ಮನೆಗೇ ಕರೆದೊಯ್ದ. ಸಮುದಾಯವು ತಾನೇ ನಡೆಸುವ ಶುಶ್ರೂಷಾಲಯಕ್ಕೂ ವ್ಯಾಪಾರಕ್ಕಾಗಿ ತೆರೆದ ವಸತಿಗೃಹಕ್ಕೂ ವ್ಯತ್ಯಾಸವೇನಾದರೂ ಇದ್ದರೆ ಅದು ಇಲ್ಲಿರಬೇಕು: ಅಜ್ಜಿಗೆ ಉಣಿಸುವ ಕೈ ಯಾರದೆಂದು ಮಗನಿಗೆ ಗೊತ್ತಿರಬೇಕು, ಮಗ ಯಾವ ತಾರೀಕಿಗೆ ಬರುತ್ತಾನೆಂದು ಆ ಕೈಗೆ ಗೊತ್ತಿರಬೇಕು.

ಆದಿಸಭೆಗೂ ಈ ತೊಡಕು ಇತ್ತು. ಸಂತ ಪೌಲರ ಹೆಸರಿನಲ್ಲಿ ತಿಮೊಥೇಯನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯವನ್ನು ಓದಿದರೆ ಒಂದು ಆಡಳಿತ ಮಂಡಳಿಯ ನಡವಳಿ ಓದಿದಂತಾಗುತ್ತದೆ. ಅರುವತ್ತು ದಾಟಿದ ವಿಧವೆಯರ ಪಟ್ಟಿ ಮಾಡಬೇಕು. ಮಕ್ಕಳು ಮೊಮ್ಮಕ್ಕಳು ಇದ್ದವರು ಮೊದಲು ತಮ್ಮವರನ್ನು ತಾವೇ ನೋಡಿಕೊಳ್ಳಬೇಕು. ಹಾಗೆ ಮಾಡಿದರೆ ಯಾರೂ ಇಲ್ಲದವರಿಗಾಗಿ ಸಭೆಯ ಶಕ್ತಿ ಉಳಿಯುತ್ತದೆ. ಹಣವುಳ್ಳವರ ತಂದೆತಾಯಿಗಳಿಗೆ ಮೊದಲ ಆದ್ಯತೆ ಕೊಡುವ ನಮ್ಮ ಕೆಲವು ಆಡಳಿತ ಮಂಡಳಿಗಳು ಈ ಅಧ್ಯಾಯವನ್ನು ತಮ್ಮ ಮುಂದಿನ ಸಭೆಯ ಆರಂಭದ ಪ್ರಾರ್ಥನೆಯಾಗಿ ಓದಿಕೊಳ್ಳಬಹುದು.

ಇಂಥ ಮನೆಗಳ ಹಣಕಾಸಿನ ವಿಚಾರ ಬಂದಾಗ ನಮಗೆ ಸಂತ ಜಾನ್ ಜುಗಾನ್‌ರವರ ನೆನಪಾಗುತ್ತದೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಬ್ರಿಟನಿ ಸೀಮೆಯ ಸೇಂಟ್ ಸೆರ್ವಾನ್ ಊರಿನಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಈ ಹೆಂಗಸು, ಕಣ್ಣು ಕಾಣದ, ಅರ್ಧಾಂಗವಾತ ಬಡಿದ ಒಬ್ಬ ವೃದ್ಧ ವಿಧವೆಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟು ತಾನು ಅಟ್ಟದಲ್ಲಿ ಮಲಗಿದಳು. ಆಕೆ ಮೊದಲು ಒಳಗೆ ಕರೆದದ್ದು ನಡೆಯಲಾರದವಳನ್ನೇ ಎಂಬುದನ್ನು ಗಮನಿಸಬೇಕು. ಆಮೇಲೆ ಬಂದ ಮುದುಕಿಯರಲ್ಲಿ ಭಿಕ್ಷೆ ಬೇಡಿ ಬದುಕುತ್ತಿದ್ದವರಿದ್ದರು. ಯಾವ ಯಾವ ಮನೆಗಳಲ್ಲಿ ನಿಮಗೆ ಭಿಕ್ಷೆ ಕೊಡುತ್ತಿದ್ದರು ಎಂದು ಅವರನ್ನೇ ಕೇಳಿ ತಿಳಿದು, ಬುಟ್ಟಿ ಹಿಡಿದುಕೊಂಡು ಆ ಮನೆಗಳ ಬಾಗಿಲಿಗೆ ಅವರ ಬದಲು ತಾನು ಹೋದಳು. ಆಕೆಯಿಂದ ಹುಟ್ಟಿದ 'ಬಡವರ ಚಿಕ್ಕ ಭಗಿನಿಯರ' ಸಭೆಯು ಸ್ಥಿರ ಆದಾಯದ ಆಸ್ತಿಗಳು ತಮಗೆ ಬೇಡವೆಂದು 1865ರಲ್ಲಿ ನಿರ್ಧರಿಸಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಅವರ ವೃದ್ಧಾಶ್ರಮವನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಜಾನ್ ಜುಗಾನ್‌ರವರನ್ನು ಮಾತ್ರ ಅವರ ಸಭೆಯ ಮೇಲ್ವಿಚಾರಕ ಪಾದ್ರಿಯೇ ಬದಿಗೆ ಸರಿಸಿದರು. ಕೊನೆಯ ಇಪ್ಪತ್ತೇಳು ವರ್ಷ ಅವರು ಅಜ್ಞಾತರಾಗಿ ಬಾಳಿ, 1879ರಲ್ಲಿ ತೀರಿಕೊಂಡಾಗ, ಸ್ಥಾಪಕಿ ಇವರೇ ಎಂದು ಜೊತೆಯಲ್ಲಿದ್ದ ಕಿರಿಯ ಭಗಿನಿಯರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. 2009ರ ಅಕ್ಟೋಬರ್ 11ರಂದು ಸಂತ ಪದವಿ ಬಂತು. ಪಾದ್ರಿಗಳಾದ ನಮಗೆ ಈ ಕಥೆಯ ಈ ಭಾಗವನ್ನು ಹೇಳಲು ಸಂಕೋಚವಾಗುತ್ತದೆ, ಆದ್ದರಿಂದಲೇ ಹೇಳಿದೆವು.

ಆ ಬುಟ್ಟಿಯ ಪಕ್ಕದಲ್ಲಿ ನಮ್ಮ ಅಮೃತಶಿಲೆಯ ಫಲಕಗಳನ್ನು ಇಟ್ಟು ನೋಡೋಣ. ದೇವರಿಗೆ ಮುಡಿಪಿಟ್ಟಿದ್ದೇವೆಂಬ ನೆಪ ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವವರನ್ನು ಪ್ರಭು ಕ್ರಿಸ್ತರು ಎಷ್ಟು ಕಟುವಾಗಿ ಖಂಡಿಸಿದರೆಂಬುದು ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿದೆ. ಇಂದು ಆ ಕೊರ್ಬಾನ್ ಗ್ರೊಟ್ಟೊದ ರೂಪದಲ್ಲಿ, ಗಂಟೆಗೋಪುರದ ರೂಪದಲ್ಲಿ, ಹೆತ್ತವರ ಸ್ಮರಣಾರ್ಥ ಕಟ್ಟಿಸಿದ ಮಹಾದ್ವಾರದ ರೂಪದಲ್ಲಿ ಬರುತ್ತದೆ. ಮರಣಾನಂತರವಂತೂ ಕೇಳುವುದೇ ಬೇಡ. ಮಕ್ಕಳು ವಿದೇಶದಿಂದ ಬರುವವರೆಗೆ ದೇಹ ಶೀತಪೆಟ್ಟಿಗೆಯಲ್ಲಿ. ಆಮೇಲೆ ಬ್ಯಾಂಡು, ಹೂವಿನ ರಾಶಿ, ದೂರದೇಶದ ಬಂಧುಗಳಿಗಾಗಿ ನೇರ ಪ್ರಸಾರ, ತಿಂಗಳ ಪೂಜೆಗೆ ಸಭಾಭವನದಲ್ಲಿ ಭೋಜನ. ಆ ಭೋಜನದ ಖರ್ಚು ಒಬ್ಬ ರಾತ್ರಿಪಾಳಿಯ ಸಹಾಯಕಿಯ ಎಷ್ಟು ತಿಂಗಳ ಸಂಬಳ ಎಂದು ಮನೆಯವರು ಯಾರೂ ಲೆಕ್ಕ ಹಾಕಿರುವುದಿಲ್ಲ. ನಾವೂ ಹಾಕಿ ಹೇಳಿಲ್ಲ. ಫಲಕಗಳನ್ನು ಆಶೀರ್ವದಿಸಿ ಅನಾವರಣಗೊಳಿಸಿದ್ದೇವೆ.

ಕಾನೂನು ಏನು ಮಾಡುತ್ತದೆ ಎಂದು ಕೇಳುವವರಿಗೆ: ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ 2007ರ ಕಾಯಿದೆ ಇದೆ. ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹಿರಿಯರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಆ ಕಾಯಿದೆ ಹಾಕಿದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನು ರದ್ದುಪಡಿಸಲೂ ಅವಕಾಶವಿದೆ. ಇದನ್ನು ನಮ್ಮ ಹಿರಿಯರು ತಿಳಿದಿರುವುದು ಒಳ್ಳೆಯದು. ಆದರೆ ಸಂತ ಥಾಮಸರ ಎರಡು ಪಟ್ಟಿಗಳಲ್ಲಿ ಕಾನೂನಿನ ಕೈಗೆ ಎಟಕುವುದು ಎರಡನೆಯದು ಮಾತ್ರ. ಹಣ ಕೊಡು ಎಂದು ಆಜ್ಞಾಪಿಸಬಹುದು, ಹೋಗಿ ಪಕ್ಕದಲ್ಲಿ ಕುಳಿತುಕೋ ಎಂದು ಯಾವ ನ್ಯಾಯಮಂಡಳಿಯೂ ಆಜ್ಞಾಪಿಸಲಾರದು. 2011ರ ಜನಗಣತಿಯಂತೆಯೇ ಕರ್ನಾಟಕದ ಜನರಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರುವತ್ತು ದಾಟಿದವರಾಗಿದ್ದರು. ಮಕ್ಕಳು ಹಡಗು, ವಿಮಾನ ಹತ್ತಿದ ನಮ್ಮ ಧರ್ಮಕೇಂದ್ರಗಳ ಸ್ಥಿತಿಯನ್ನು ತಿಳಿಯಲು ಜನಗಣತಿ ಬೇಡ, ವಾರದ ದಿನದ ಬಲಿಪೂಜೆಯಲ್ಲಿ ಒಮ್ಮೆ ಹಿಂದಿರುಗಿ ನೋಡಿದರೆ ಸಾಕು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಲೆಕ್ಕವನ್ನೂ ಒಪ್ಪಿಸಬೇಕು. ಪ್ರತಿ ತಿಂಗಳ ಮೊದಲ ಶುಕ್ರವಾರ ನಾವು ಅಸ್ವಸ್ಥರಿಗೆ ಪರಮಪ್ರಸಾದ ಕೊಂಡೊಯ್ಯುತ್ತೇವೆ. ಆ ಶುಶ್ರೂಷಾಲಯದಲ್ಲಿ ಇಪ್ಪತ್ತೆರಡು ಮಂಚಗಳ ನಡುವೆ ನಾವು ಕಳೆಯುತ್ತಿದ್ದ ಒಟ್ಟು ಹೊತ್ತು ನಲವತ್ತು ನಿಮಿಷ. ಒಮ್ಮೆ ಆ ಮುಂಬಯಿಯ ಗೃಹಸ್ಥರ ತಾಯಿ ನಮ್ಮ ನಿಲುವಂಗಿಯ ತೋಳನ್ನು ಹಿಡಿದುಕೊಂಡು ಏನೋ ಹೇಳಲು ಆರಂಭಿಸಿದರು. ಮಾತು ನಿಧಾನ, ಹಲ್ಲಿಲ್ಲದ ಬಾಯಿ. ಹೊರಗೆ ವಾಹನ ಕಾಯುತ್ತಿತ್ತು. ಮುಂದಿನ ತಿಂಗಳು ಕೂತು ಮಾತಾಡೋಣ ಅಮ್ಮ, ಎಂದು ತೋಳನ್ನು ಬಿಡಿಸಿಕೊಂಡೆವು. ಮುಂದಿನ ತಿಂಗಳಿಗೆ ಅವರಿಗೆ ಮಾತು ನಿಂತಿತ್ತು. ಆ ವರ್ಷ ಸೆಪ್ಟೆಂಬರ್ 8ರ ತೆನೆಹಬ್ಬದ ಮರುದಿನ ಅವರು ತೀರಿಕೊಂಡರು. ಮಗ ಎರಡು ದಿನ ಮೊದಲೇ ಬಂದು ಪಕ್ಕದಲ್ಲಿದ್ದರು. ಹೊಸ ಅಕ್ಕಿಯ ಪಾಯಸವನ್ನು ಚಮಚದ ತುದಿಯಲ್ಲಿ ತಾವೇ ತುಟಿಗೆ ಮುಟ್ಟಿಸಿದರೆಂದು ಸಿಸ್ಟರ್ ಹೇಳಿದರು. ಏನು ಹೇಳಲು ಹೊರಟಿದ್ದರೋ ನಮಗೆ ಗೊತ್ತಾಗಲಿಲ್ಲ.

ಈಗ ನಮ್ಮ ಧರ್ಮಕೇಂದ್ರದ ಮಟ್ಟಿಗೆ ಎರಡು ನಿರ್ಧಾರಗಳಾಗಿವೆ. ಪಾಲನಾ ಮಂಡಳಿಯಲ್ಲಿ ಚರ್ಚೆಯಾಗಿ, ಸ್ವಲ್ಪ ಅಸಮಾಧಾನದ ನಡುವೆಯೇ ಅಂಗೀಕಾರವಾದವು. ಮೊದಲನೆಯದು, ಹೊಸ ಗ್ರೊಟ್ಟೊದ ಯೋಜನೆಯನ್ನು ಮುಂದೂಡಿ, ಅದಕ್ಕಾಗಿ ಬರುವ ಹಣದಲ್ಲಿ ದಾನಿಗಳ ಒಪ್ಪಿಗೆ ಪಡೆದು ಆ ಶುಶ್ರೂಷಾಲಯದ ರಾತ್ರಿಪಾಳಿಯ ಇಬ್ಬರು ಸಹಾಯಕಿಯರ ಸಂಬಳವನ್ನು ಮೂರು ವರ್ಷ ಭರಿಸುವುದು, ಫಲಕವಿಲ್ಲ. ಎರಡನೆಯದು, ಆಗಸ್ಟ್ ತಿಂಗಳಿಂದ ಪ್ರತಿ ದಿನ ಒಂದು ವಾಳೆಯಿಂದ ಇಬ್ಬರಂತೆ ಸಂಜೆ ಆರರಿಂದ ಎಂಟರವರೆಗೆ ಅಲ್ಲಿಗೆ ಹೋಗುವುದು. ಅದು ಊಟದ ಹೊತ್ತು, ಅಲ್ಲಿ ಕೈ ಸಾಲದಿರುವುದು ಆಗಲೇ. ಉಣಿಸುವ ಕ್ರಮವನ್ನು ಸಿಸ್ಟರ್ ಹೇಳಿಕೊಡುತ್ತಾರೆ. ಅದು ಕೈಲಾಗದವರಿಗೆ ಒಲೆಯ ಮೇಲಿನ ಹಗ್ಗದಿಂದ ಬಟ್ಟೆ ತೆಗೆದು ಮಡಚುವ ಕೆಲಸವಿದೆ. ಗಂಡಸರೂ ಬರಬಹುದು, ಹೊರಳಿಸಲು ತೋಳಿನ ಬಲ ಬೇಕು. ಮಂಗಳವಾರದ ಪಾಳಿಗೆ ನಮ್ಮ ಹೆಸರನ್ನು ಬರೆದಿದ್ದೇವೆ, ಇನ್ನೊಬ್ಬರ ಜಾಗ ಖಾಲಿಯಿದೆ. ಪಟ್ಟಿ ಕಚೇರಿಯ ಬಾಗಿಲಿನಲ್ಲಿ ಅಂಟಿಸಿದೆ.